ಹನ್ನೊಂದು ಸ್ವರ, ಒಂದು ಹ್ಯಾಮರ್: ಹೊಸ ಗ್ರ್ಯಾಂಡ್ ಪಿಯಾನೋದ ದನಿ ಏರುಪೇರಾದಾಗ

ಮೇ ತಿಂಗಳ ಮೂರನೇ ವಾರ, ಮಧ್ಯಾಹ್ನ ಮೂರು ಗಂಟೆ. ಕಲಬುರಗಿಯ ಹೊರವಲಯದಲ್ಲಿ ಹೊಸದಾಗಿ ಕಟ್ಟಿದ ಮನೆ. ಮನೆಯವರದು ತೊಗರಿ ಬೇಳೆ ಮಿಲ್. ಹಾಲಿನಲ್ಲಿ ಆರು ತಿಂಗಳ ಹಿಂದೆ ಬಂದಿಳಿದ ಗ್ರ್ಯಾಂಡ್ ಪಿಯಾನೋ. ಮನೆಯ ಹುಡುಗಿ ಅದರ ಮುಂದೆ ಕೂತು ಮಿಡಲ್ ಸಿ ಯಿಂದ ಒಂದೊಂದೇ ಕೀ ಒತ್ತುತ್ತ ಮೇಲೆ ಹೋದಳು. ಎಫ್ ತನಕ ಎಲ್ಲ ಚೆಂದ. ಎಫ್ ಶಾರ್ಪ್ ಬಂತು, ತಗಡಿನ ಡಬ್ಬಿ ಬಡಿದ ಹಾಗೆ. ಜಿ ಸರಿ. ಜಿ ಶಾರ್ಪ್ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಎ ಸರಿ. ಬಿ ಮತ್ತೆ ತಗಡು.

“ಉಳದಾವೆಲ್ಲಾ ಹಾಡ್ತಾವ್ರಿ ಕಾಕಾ, ಇವು ಮಾತ್ರ ಒದರ್ತಾವ,” ಅಂದಳು.

ಅಪ್ಪನಿಗೆ ಆಗಲೇ ಯಾರೋ ಔಷಧ ಹೇಳಿಬಿಟ್ಟಿದ್ದರು. “ಹ್ಯಾಮರಿಗೆ ಸೂಜಿ ಚುಚ್ಚಿದ್ರ ಸರಿ ಹೋಗ್ತದಂತ್ರಿ. ಚುಚ್ಚಿಬಿಡ್ರಿ ಅತ್ಲಾಗ.”

ಹ್ಯಾಮರ್ ಅಂದರೆ ಕೀ ಒತ್ತಿದಾಗ ಎದ್ದು ತಂತಿಗೆ ಬಡಿಯುವ ಪುಟ್ಟ ಸುತ್ತಿಗೆ. ಸೂಜಿ ನನ್ನ ಚೀಲದಲ್ಲಿತ್ತು. ಆದರೆ ಅದು ಹೊರಗೆ ಬಂದದ್ದು ಮರುದಿನ ಸಂಜೆ, ಅದೂ ಒಂದೇ ಒಂದು ಹ್ಯಾಮರಿಗೆ. ನಡುವಿನ ಒಂದೂವರೆ ದಿನ ಏನು ನೋಡಿದೆ, ಯಾವ ಕ್ರಮದಲ್ಲಿ ನೋಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆ ಈಗ ಪಿಯಾನೋ ಕೊಳ್ಳುವವರು ಹೆಚ್ಚುತ್ತಿದ್ದಾರೆ, ರಿಪೇರಿಯವರು ಮಾತ್ರ ಹೈದರಾಬಾದಿನಿಂದಲೋ ಪುಣೆಯಿಂದಲೋ ಬರಬೇಕು. ಬಂದವರಿಗೆ ರೈಲು ಹಿಡಿಯುವ ಅವಸರ ಇರುತ್ತದೆ, ಅವಸರದಲ್ಲಿ ಕೈ ಮೊದಲು ಹೋಗುವುದೇ ಸೂಜಿಗೆ.

ದನಿ ಬೇರೆ, ಶ್ರುತಿ ಬೇರೆ

ನಾನು ಮೂಲತಃ ಪೇಟಿ, ಅಂದರೆ ಹಾರ್ಮೋನಿಯಂ ರಿಪೇರಿಯವನು. ಪಿಯಾನೋ ಕೆಲಸ ಕಲಿತದ್ದು ಆಮೇಲೆ. ಪೇಟಿ, ತಂಬೂರಿ ಬಲ್ಲವರಿಗೆ ಸ್ವರದ ದನಿ ತಿದ್ದುವ ಈ ‘ವಾಯ್ಸಿಂಗ್’ ಅನ್ನುವುದು ಹೊಸ ವಿಷಯವೇನಲ್ಲ. ತಂಬೂರಿಯ ನಾಲ್ಕೂ ತಂತಿ ಶ್ರುತಿಗೆ ಕೂತಿದ್ದರೂ ಜವಾರಿ, ಅಂದರೆ ತಂತಿಯ ಝೇಂಕಾರ, ಬಿಡದಿದ್ದರೆ ಅದು ಮಾತಾಡುವುದಿಲ್ಲ. ತಂತಿ ಕೂರುವ ಕುದುರೆಯ ಮೇಲೆ ನೂಲಿನ ಎಳೆಯನ್ನು ಕೂದಲಷ್ಟು ಸರಿಸಿದರೆ ಅದೇ ಶ್ರುತಿ, ಆದರೆ ಬೇರೆಯದೇ ದನಿ. ಪಿಯಾನೋದಲ್ಲಿ ಆ ಕೆಲಸ ಹ್ಯಾಮರ್‌ನದು. ಮರದ ತುಂಡಿನ ಸುತ್ತ ಉಣ್ಣೆಯ ಫೆಲ್ಟನ್ನು ಭಾರೀ ಒತ್ತಡದಲ್ಲಿ ಬಗ್ಗಿಸಿ ಅಂಟಿಸಿರುತ್ತಾರೆ. ಹೊರಮೈ ಎಳೆದು ಬಿಗಿಯಾಗಿರುತ್ತದೆ, ಒಳಮೈ ಅಮುಕಿಕೊಂಡಿರುತ್ತದೆ. ಗಟ್ಟಿ ಫೆಲ್ಟ್ ತಂತಿಗೆ ಬಡಿದ ತಕ್ಷಣ ಹಿಂದೆ ಬರುತ್ತದೆ, ತಂತಿಯ ಮೇಲಿನ ಸಣ್ಣ ಸಣ್ಣ ಕಂಪನಗಳೆಲ್ಲ ಉಳಿಯುತ್ತವೆ, ದನಿ ಚುರುಕು. ಮೆತ್ತಗಿನದು ತುಸು ಹೊತ್ತು ತಂತಿಗೆ ಅಂಟಿಕೊಂಡು ಅದೇ ಕಂಪನಗಳನ್ನು ಒರೆಸಿಹಾಕುತ್ತದೆ, ದನಿ ಮಂಕು. ಈ ‘ತುಸು ಹೊತ್ತು’ ಅಂದರೆ ಸೆಕೆಂಡಿನ ಸಾವಿರದ ಕೆಲವೇ ಭಾಗ.

ಇನ್ನೊಂದು ಗುಣವೂ ಇದೆ, ತಪಾಸಣೆಗೆ ಅದೇ ಮುಖ್ಯ. ಮೆಲ್ಲಗೆ ಬಾರಿಸಿದಾಗ ಕೆಲಸ ಮಾಡುವುದು ಫೆಲ್ಟಿನ ತುದಿಯ ಪದರ ಮಾತ್ರ. ಜೋರಾಗಿ ಹೊಡೆದರೆ ಒಳಗಿನ ಪದರವೂ ಅಮುಕುತ್ತದೆ. ಹಾಗಾಗಿ ಮೆಲ್ಲಗೆ ಬಾರಿಸಿದಾಗಷ್ಟೇ ಕರ್ಕಶ ಅನ್ನಿಸುವ ಸ್ವರದ ದೋಷ ಮೇಲ್ಮೈಯಲ್ಲಿದೆ, ಜೋರಾದಾಗಷ್ಟೇ ಒದರುವ ಸ್ವರದ ದೋಷ ತುದಿಯ ಎರಡೂ ಬದಿಯ ಭುಜದ ಕಡೆ, ಆಳದಲ್ಲಿದೆ. ಆದರೆ ಇದೆಲ್ಲ ದೋಷ ಫೆಲ್ಟಿನದೇ ಅಂತ ಖಾತ್ರಿಯಾದ ಮೇಲಿನ ಮಾತು.

ಮೊದಲು ಗುರುತು

ಮೊದಲ ಅರ್ಧ ಗಂಟೆ ಉಪಕರಣ ಮುಟ್ಟಲಿಲ್ಲ. ಕೀಗಳ ಹಿಂದಿನ ಹಲಗೆಗೆ ಬಣ್ಣದವರು ಬಳಸುವ ಕಾಗದದ ಟೇಪು ಅಂಟಿಸಿದೆ. 88 ಕೀಗಳನ್ನೂ ಒಂದೇ ಬೆರಳಿನಿಂದ, ಒಂದೇ ಎತ್ತರದಿಂದ, ಮೂರು ಸುತ್ತು ಬಾರಿಸಿದೆ: ಒಂದು ಸುತ್ತು ಮೆಲ್ಲಗೆ, ಒಂದು ಮಧ್ಯಮ, ಒಂದು ಜೋರು. ಕಿವಿಗೆ ಚುಚ್ಚಿದ ಕಡೆ ಪೆನ್ಸಿಲ್‌ನಿಂದ ಗೀಟು. ತಗಡಿನ ದನಿಗೆ ಮೇಲ್ಮುಖ, ಮಂಕಿಗೆ ಕೆಳಮುಖ. ಎಡ ಪೆಡಲ್ ಒತ್ತಿ ಇನ್ನೊಂದು ಸುತ್ತು, ಅದಕ್ಕೆ ಬೇರೆ ಬಣ್ಣದ ಗೀಟು. ಮನೆಯವರು ಹೇಳಿದ್ದು ಮೂರು ಸ್ವರ, ಟೇಪಿನ ಮೇಲೆ ನಿಂತದ್ದು ಹನ್ನೊಂದು.

ಬೆರಳು ಬದಲಿಸಬೇಡಿ. ಹೆಬ್ಬೆರಳಿನ ಏಟಿಗೂ ಉಂಗುರ ಬೆರಳಿನ ಏಟಿಗೂ ಇರುವ ವ್ಯತ್ಯಾಸವನ್ನೇ ಎಷ್ಟೋ ಜನ ಹ್ಯಾಮರ್‌ನ ವ್ಯತ್ಯಾಸ ಅಂತ ತಿಳಿದುಬಿಡುತ್ತಾರೆ. ಅರ್ಧ ಗಂಟೆಗಿಂತ ಹೆಚ್ಚು ಕೇಳಲೂ ಬೇಡಿ. ಕಿವಿ ದಣಿದರೆ ಎಲ್ಲವೂ ತಗಡೇ. ನಾನು ನಡುವೆ ಎದ್ದು ಚಹಾ ಕುಡಿದು ಬಂದು ಗುರುತುಗಳನ್ನು ಮತ್ತೊಮ್ಮೆ ನೋಡಿದೆ. ಎರಡು ಗೀಟು ಅಳಿಸಿದೆ, ಹೊಸದಾಗಿ ಎರಡು ಹಾಕಿದೆ.

ಬೀದರ್‌ನಲ್ಲಿ ಬಿದರಿ ಕೆಲಸ ಮಾಡುವವರನ್ನು ನೋಡಿದ್ದೇನೆ. ಎರಕದ ಹೂಜಿಯ ಮೈಗೆ ಮೊದಲು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಗೀಚಿದ ಬಳ್ಳಿ ಬೆಳ್ಳಗೆ ಎದ್ದು ಕಾಣುತ್ತದೆ. ಉಳಿ ಆಮೇಲೆ. ಈ ಟೇಪಿನ ಬುದ್ಧಿ ನನಗೆ ಬಂದದ್ದು ಅಲ್ಲಿಂದಲೇ.

ಕೋಣೆ, ಕೂಲರು, ಫೋಟೋ ಫ್ರೇಮು

ಹನ್ನೊಂದರಲ್ಲಿ ಒಂದು, ಮಂದ್ರದ ಬಿ ಫ್ಲ್ಯಾಟ್, ಪಿಯಾನೋದ ದೋಷವೇ ಆಗಿರಲಿಲ್ಲ. ಆ ಕೀ ಒತ್ತಿದಾಗಲೆಲ್ಲ ‘ಜಿರ್ರ್’ ಅನ್ನುತ್ತಿತ್ತು. ನಾನು ಬಾರಿಸುತ್ತ ಕೂತೆ, ಹುಡುಗಿಯನ್ನು ಹಾಲಿನಲ್ಲಿ ಓಡಾಡಲು ಹೇಳಿದೆ. ಶೋಕೇಸಿನ ಮೇಲಿದ್ದ ಅಜ್ಜನ ಫೋಟೋ ಫ್ರೇಮಿಗೆ ಅವಳು ಕೈ ಇಟ್ಟ ತಕ್ಷಣ ಜಿರ್ರ್ ನಿಂತಿತು. ಗಾಜಿನ ಹಿಂದೆ ಒಂದು ಕಾಗದದ ಮಡಿಕೆ ಸಿಕ್ಕಿಸಿದೆವು, ಅಷ್ಟೇ. ಸ್ವರ ಕೆಟ್ಟಿದೆ ಅಂತ ಕರೆದ ಮನೆಯಲ್ಲೆಲ್ಲ ಮೊದಲು ಫೋಟೋ, ಗಾಜಿನ ಬಾಗಿಲು, ಕಿಟಕಿಯ ಸರಳು, ಪಿಯಾನೋ ಮೇಲಿಟ್ಟ ಹೂದಾನಿ ಇವನ್ನು ಮುಟ್ಟಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ.

ಇನ್ನು ನೆಲ. ನಮ್ಮ ಜಿಲ್ಲೆಯ ಮನೆ ಅಂದಮೇಲೆ ಶಹಾಬಾದ ಕಲ್ಲು ಇರಲೇಬೇಕು. ಬೇಸಿಗೆಯಲ್ಲಿ ಅಂಗಾಲಿಗೆ ತಂಪು, ಬಾಳಿಕೆಗೆ ಎರಡು ಮಾತಿಲ್ಲ. ಆದರೆ ಗ್ರ್ಯಾಂಡ್ ಪಿಯಾನೋದ ಸೌಂಡ್‌ಬೋರ್ಡು, ಅಂದರೆ ತಂತಿಯ ದನಿ ದೊಡ್ಡದು ಮಾಡುವ ಹಲಗೆ, ಅರ್ಧ ದನಿಯನ್ನು ಕೆಳಕ್ಕೆ ಎಸೆಯುತ್ತದೆ, ನುಣುಪು ಕಲ್ಲು ಅದನ್ನು ಹಾಗೆಯೇ ವಾಪಸ್ ಒದೆಯುತ್ತದೆ. ಮೇಲೆ ಆರ್‌ಸಿಸಿ ಛಾವಣಿ, ಸುತ್ತ ಪೇಂಟ್ ಹಚ್ಚಿದ ಗೋಡೆ, ಒಂದು ಪರದೆಯೂ ಇಲ್ಲ. ಅಂಥ ಕೋಣೆಯಲ್ಲಿ ಸ್ವಲ್ಪ ಚುರುಕಾದ ಸ್ವರವೂ ಕಿರುಚಾಟವಾಗುತ್ತದೆ. ಪಿಯಾನೋದ ಕೆಳಗೆ ದಪ್ಪ ಜಮಖಾನ ಹಾಸಿಸಿದೆ, ಎದುರಿನ ಗೋಡೆಗೆ ಅವರ ಅಜ್ಜಿ ಹೊಲಿದ ಕೌದಿ ತೂಗುಹಾಕಿಸಿದೆ. ಅಜ್ಜಿಗೆ ಖುಷಿಯಾಯಿತು. ಇಡೀ ಪಿಯಾನೋದ ಚುರುಕು ಒಂದು ಹಂತ ಇಳಿಯಿತು. ಸ್ವರ ಸ್ವರದ ನಡುವಿನ ಏರುಪೇರು ಹಾಗೇ ಉಳಿಯಿತು, ಅದು ಸಹಜ. ಎಲ್ಲ ಸ್ವರಗಳೂ ಒಟ್ಟಿಗೆ ಕರ್ಕಶ ಅನ್ನಿಸಿದರೆ ಕೋಣೆಯನ್ನು ಅನುಮಾನಿಸಿ, ಅಲ್ಲೊಂದು ಇಲ್ಲೊಂದು ಅನ್ನಿಸಿದರೆ ಪಿಯಾನೋವನ್ನು.

ಕೂಲರು. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಗಾಳಿಯಲ್ಲಿ ತೇವ ಇರುವುದಿಲ್ಲ. ಮನೆಯವರು ಹುಡುಗಿಗೆ ಸೆಕೆ ಆಗದಿರಲಿ ಅಂತ ನೀರಿನ ಕೂಲರನ್ನು ಪಿಯಾನೋದ ಬಲಬದಿಗೇ ತಿರುಗಿಸಿ ಇಟ್ಟಿದ್ದರು. ನನ್ನ ತೇವಮಾಪಕ ಹಾಲಿನ ಎಡ ಮೂಲೆಯಲ್ಲಿ 24 ಪ್ರತಿಶತ ತೋರಿಸಿತು, ಪಿಯಾನೋದ ಬಲತುದಿಯಲ್ಲಿ 66. ಒಂದೇ ವಾದ್ಯದ ಒಂದು ಕೊನೆ ಒಣಗುತ್ತಿದೆ, ಇನ್ನೊಂದು ನೆನೆಯುತ್ತಿದೆ. ರಾತ್ರಿ ಕೂಲರ್ ಬಂದ್, ಮತ್ತೆ ಎಲ್ಲ ಒಣಗುತ್ತದೆ. ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಫೆಲ್ಟ್ ಉಬ್ಬುತ್ತದೆ, ಸ್ಕ್ರೂ ಸಡಿಲಾಗುತ್ತದೆ. ತೇವ 45ರಿಂದ 55 ಪ್ರತಿಶತದ ಆಸುಪಾಸಿನಲ್ಲಿ ನಿಂತರೆ ಒಳ್ಳೆಯದು. ತುಸು ಆಚೀಚೆಯಾದರೂ ನಡೆದೀತು, ದಿನಕ್ಕೆರಡು ಸಲ ಜಿಗಿಯಬಾರದು. ಕೂಲರು ಅಡುಗೆಮನೆ ಕಡೆಯ ಕಿಟಕಿಗೆ ಹೋಯಿತು.

ಮೂರು ತಂತಿಯ ಪರೀಕ್ಷೆ

ಇಡೀ ತಪಾಸಣೆಯ ಜೀವಾಳ ಇದು. ಪಿಯಾನೋದಲ್ಲಿ ಸುಮಾರು 230 ತಂತಿಗಳು. ಮಂದ್ರದ ಕೊನೆಯಲ್ಲಿ ಒಂದು ಸ್ವರಕ್ಕೆ ಒಂದು ತಂತಿ, ಆಮೇಲೆ ಎರಡು, ನಡುವಿನಿಂದ ಮೇಲಕ್ಕೆ ಮೂರು ಮೂರು. ಒಂದು ಹ್ಯಾಮರ್ ಮೂರೂ ತಂತಿಗೆ ಒಟ್ಟಿಗೆ ಬಡಿಯಬೇಕು.

ಗುರುತು ಹಾಕಿದ ಸ್ವರದ ಎರಡು ತಂತಿಗಳನ್ನು ರಬ್ಬರಿನ ಬೆಣೆ ಸಿಕ್ಕಿಸಿ ಮುಚ್ಚಿ, ಮೂರನೆಯದನ್ನು ಮಾತ್ರ ಬಾರಿಸಿ. ಆಮೇಲೆ ನಡುವಿನದು, ಆಮೇಲೆ ಇನ್ನೊಂದು. ಒಂಟಿಯಾಗಿ ಮೂರೂ ಚೆಂದ ಹಾಡಿ ಒಟ್ಟಿಗೆ ಮಾತ್ರ ಕೆಟ್ಟರೆ, ಮೂರರ ಶ್ರುತಿ ಒಂದಕ್ಕೊಂದು ಕೂತಿಲ್ಲ. ಒಂದು ತಂತಿ ಮಾತ್ರ ಒಂಟಿಯಾಗಿಯೂ ಅಲೆಅಲೆಯಾಗಿ ನಡುಗಿದರೆ ದೋಷ ಆ ತಂತಿಯದು, ಅದು ತಂತಿ ಹಾದುಹೋಗುವ ಬ್ರಿಜ್ಜಿನ ಮೊಳೆಯ ಹತ್ತಿರ ಸರಿಯಾಗಿ ಕೂತಿಲ್ಲ ಅಥವಾ ತಿರುಚಿಕೊಂಡಿದೆ. ಒಂದು ಚುರುಕು ಇನ್ನೊಂದು ಮಂಕು ಅನ್ನಿಸಿದರೆ ಹ್ಯಾಮರ್ ಮೂರಕ್ಕೂ ಸಮನಾಗಿ ಬಡಿಯುತ್ತಿಲ್ಲ. ಮೂರೂ ಒಂಟಿಯಾಗಿಯೂ ಒಂದೇ ಥರ ಒದರಿದರೆ ಮಾತ್ರ ಹ್ಯಾಮರ್‌ನ ಫೆಲ್ಟಿನ ಮೇಲೆ ಅನುಮಾನ ಇಡಿ.

ಈ ಪರೀಕ್ಷೆಯಲ್ಲೇ ಮೂರು ಸ್ವರಗಳು ಹೊರಬಿದ್ದವು. ಅವುಗಳ ತಂತಿಗಳ ಶ್ರುತಿ ಒಡೆದಿತ್ತು, ದೊಡ್ಡದಾಗಿ ಅಲ್ಲ, ನಿಧಾನವಾಗಿ ಒಂದು ಅಲೆ ಬಂದು ಹೋಗುವಷ್ಟು. ಹೊಸ ಪಿಯಾನೋದ ತಂತಿಗಳು ಮೊದಲ ವರ್ಷವೆಲ್ಲ ಹಿಗ್ಗುತ್ತಲೇ ಇರುತ್ತವೆ. ಅದಕ್ಕೇ ಮೊದಲ ವರ್ಷದಲ್ಲಿ ಮೂರು ನಾಲ್ಕು ಸಲ ಶ್ರುತಿ ಮಾಡಿಸಬೇಕು ಅನ್ನುವುದು. ಇವರು ಆರು ತಿಂಗಳಲ್ಲಿ ಒಮ್ಮೆಯೂ ಮಾಡಿಸಿರಲಿಲ್ಲ. ನಡುವಿನ ಎ 440 ಹರ್ಟ್ಸ್‌ಗಿಂತ ಕೆಳಗೆ ಕೂತಿತ್ತು. ದನಿ ನೋಡುವ ಮುಂಚೆ ಇಡೀ ಪಿಯಾನೋ ಶ್ರುತಿ ಮಾಡಿದೆ, ಅದಕ್ಕೇ ಮೊದಲ ದಿನದ ಉಳಿದ ಹೊತ್ತೆಲ್ಲ ಹೋಯಿತು. ಶ್ರುತಿ ಮಾಡದೆ ದನಿ ತಿದ್ದಲು ಹೋಗುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ಆಕ್ಷನ್ ಹೊರಗೆಳೆದಾಗ

ಮರುದಿನ ಬೆಳಿಗ್ಗೆ ಆಕ್ಷನ್, ಅಂದರೆ ಕೀಗಳು ಮತ್ತು ಹ್ಯಾಮರ್‌ಗಳು ಕೂಡಿದ ಇಡೀ ಚೌಕಟ್ಟು, ಹೊರಗೆ ಬಂತು. ಮುಂದಿನ ಪಟ್ಟಿ, ಎರಡು ಬದಿಯ ಮರದ ತುಂಡು, ಕೀ ಮುಚ್ಚುವ ಹಲಗೆ ಇಷ್ಟು ಬಿಚ್ಚಿದರೆ ಚೌಕಟ್ಟು ಡ್ರಾಯರಿನಂತೆ ಜಾರುತ್ತದೆ. ಜಾರಿಸುವಾಗ ಒಂದು ಕೀ ಕೂಡ ಒತ್ತಬಾರದು. ಒತ್ತಿದರೆ ಹ್ಯಾಮರ್ ಮೇಲೇಳುತ್ತದೆ, ಮುಂದಿನ ದಿಮ್ಮಿಗೆ ಸಿಕ್ಕಿ ಅದರ ಕಡ್ಡಿ ಲಟಕ್ ಅಂತ ಮುರಿಯುತ್ತದೆ. ಮನೆಯವರು ಸಹಾಯಕ್ಕೆ ಅಂತ ಕೈ ಹಾಕಲು ಬರುತ್ತಾರೆ, ನಯವಾಗಿ ದೂರ ನಿಲ್ಲಿಸಿ. ಮನೆಯವರೇ ಇದನ್ನು ಮಾಡಲು ಹೋಗಬಾರದು, ಅದೂ ಹೊಸ ಪಿಯಾನೋ ವಾರಂಟಿಯಲ್ಲಿದ್ದಾಗ. ಟೇಪಿನ ಗುರುತು ಮತ್ತು ಕೋಣೆಯ ಪರೀಕ್ಷೆ ಮಾತ್ರ ಯಾರು ಬೇಕಾದರೂ ಮಾಡಬಹುದು, ಬರುವವನ ಅರ್ಧ ದಿನ ಉಳಿಯುತ್ತದೆ.

ಒಣ ಹವೆಯಲ್ಲಿ ಮೊದಲು ನೋಡಬೇಕಾದ್ದು ಹ್ಯಾಮರ್‌ನ ಕಡ್ಡಿ ಹಿಡಿದಿರುವ ಸ್ಕ್ರೂಗಳು. ಮರ ಕುಗ್ಗಿದಾಗ ಇವು ಸಡಿಲಾಗುತ್ತವೆ, ಹ್ಯಾಮರ್ ಪಕ್ಕಕ್ಕೆ ತೂಗಾಡುತ್ತದೆ, ಏಟು ಓರೆಯಾಗಿ ಬೀಳುತ್ತದೆ. ಎಲ್ಲ 88 ಸ್ಕ್ರೂಗಳಿಗೂ ಸ್ಕ್ರೂಡ್ರೈವರ್ ತಾಗಿಸಿ ನೋಡಿದೆ. ಬಹಳಷ್ಟು ಕಾಲು ಸುತ್ತು ತಿರುಗಿದವು, ಗುರುತು ಹಾಕಿದ ಎರಡು ಸ್ವರಗಳವು ಪೂರ್ತಿ ಅರ್ಧ ಸುತ್ತು. ಬಿಗಿ ಮಾಡುವಾಗ ಬೆರಳ ಹಿಡಿತದಷ್ಟು ಸಾಕು. ಮುಷ್ಟಿಯ ಬಲ ಹಾಕಿದರೆ ಮರದ ಎಳೆ ಕಿತ್ತು ಸ್ಕ್ರೂ ಅಲ್ಲೇ ಬುಗುರಿಯಂತೆ ತಿರುಗುತ್ತದೆ. ಆಕ್ಷನ್ ಒಳಗೆ ಹಾಕಿ ಬಾರಿಸಿದೆ: ಎರಡೂ ಸ್ವರ ಸಾಲಿಗೆ ಬಂದಿದ್ದವು. ಹ್ಯಾಮರ್‌ನ ತಲೆ ಕಡ್ಡಿಗೆ ಅಂಟಿರುವ ಜಾಗವನ್ನೂ ಉಗುರಿನಿಂದ ತಟ್ಟಿ ಕೇಳಿ. ಅಂಟು ಬಿಟ್ಟಿದ್ದರೆ ಸಣ್ಣ ‘ಟಿಕ್’ ಬರುತ್ತದೆ. ಇಲ್ಲಿ ಬರಲಿಲ್ಲ.

ಕಂಬಳಿ ಹೊದ್ದ ಜಿ ಶಾರ್ಪ್

ಜಿ ಶಾರ್ಪಿನ ಕಥೆ ಹೇಳಲೇಬೇಕು, ಯಾಕೆಂದರೆ ಅದು ಹತ್ತರಲ್ಲಿ ಒಂಬತ್ತು ಜನರನ್ನು ಮೋಸ ಮಾಡುವ ಥರದ್ದು. ಜೋರಾಗಿ ಬಾರಿಸಿದರೆ ಸರಿ, ಮೆಲ್ಲಗೆ ಬಾರಿಸಿದರೆ ಮಂಕು, ಕೆಲವೊಮ್ಮೆ ದನಿಯೇ ಇಲ್ಲ. ಫೆಲ್ಟಿನ ತುದಿ ಮೆತ್ತಗಾಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಕೈ ಫೆಲ್ಟ್ ಗಟ್ಟಿ ಮಾಡುವ ಲ್ಯಾಕರ್ ಬಾಟಲಿಗೆ ಹೋಗುತ್ತದೆ.

ಆದರೆ ಕೀಯನ್ನು ಬಹಳ ನಿಧಾನವಾಗಿ, ಉಸಿರು ಬಿಗಿಹಿಡಿದು ಕೆಳಗೆ ಒತ್ತಿ, ಹ್ಯಾಮರ್ ಎಲ್ಲಿ ಕಳಚಿಕೊಳ್ಳುತ್ತದೆ ನೋಡಿ. ವಿಶ್ರಾಂತಿಯಲ್ಲಿರುವ ಹ್ಯಾಮರ್ ಮತ್ತು ತಂತಿಯ ನಡುವೆ ಸುಮಾರು 45 ಮಿ.ಮೀ. ದೂರ. ಕೀ ಸುಮಾರು 10 ಮಿ.ಮೀ. ಇಳಿಯುತ್ತದೆ. ಹ್ಯಾಮರ್ ತಂತಿಗೆ ಇನ್ನು ಒಂದೂವರೆ ಎರಡು ಮಿ.ಮೀ. ಇರುವಾಗ ಕೀಯ ಹಿಡಿತದಿಂದ ಕಳಚಿ, ಉಳಿದ ದಾರಿಯನ್ನು ತನ್ನ ವೇಗದ ಮೇಲೆಯೇ ಕ್ರಮಿಸಬೇಕು. ಮೇಲಿನ ಸಪ್ತಕಗಳಲ್ಲಿ ಈ ಅಂತರ ಇನ್ನೂ ಕಡಿಮೆ. ನಮ್ಮ ಜಿ ಶಾರ್ಪಿನ ಹ್ಯಾಮರ್ 4 ಮಿ.ಮೀ. ಇರುವಾಗಲೇ ಕಳಚುತ್ತಿತ್ತು. ಜೋರಾಗಿ ಎಸೆದರೆ ಆ ದೂರ ದಾಟುತ್ತದೆ, ಮೆಲ್ಲಗೆ ಎಸೆದರೆ ತಂತಿಗೆ ಮುಟ್ಟುವಷ್ಟರಲ್ಲಿ ಸುಸ್ತು. ಕಳಚುವ ಜಾಗ ಹೊಂದಿಸುವ ಗುಂಡಿಯನ್ನು ತುಸು ತಿರುಗಿಸಿದೆ, ಪಕ್ಕದ ಜಿ ಯ ಮಟ್ಟಕ್ಕೆ ತಂದೆ. ಹುಡುಗಿ ಮೆಲ್ಲಗೆ ಬಾರಿಸಿದಳು. ಕಂಬಳಿ ಕಳಚಿಬಿದ್ದಿತ್ತು. ಫೆಲ್ಟಿಗೆ ಲ್ಯಾಕರ್ ಹಾಕಿದ್ದರೆ ಮೆಲ್ಲಗಿನ ದನಿ ಹಾಗೇ ಉಳಿಯುತ್ತಿತ್ತು, ಜೋರಿನ ದನಿ ಕೆಡುತ್ತಿತ್ತು.

ಎಫ್ ಶಾರ್ಪ್: ತಂತಿ ಮೇಲೆ ಕೆಳಗೆ

ಎಫ್ ಶಾರ್ಪ್ ಮತ್ತು ಅದರ ಮೇಲಿನ ಸಪ್ತಕದ ಒಂದು ಸ್ವರ, ಎರಡರದೂ ಒಂದೇ ರೋಗ. ಒಂಟಿ ತಂತಿಯ ಪರೀಕ್ಷೆಯಲ್ಲಿ ಬದಿಯ ಎರಡು ತಂತಿ ಗಟ್ಟಿಯಾಗಿ, ನಡುವಿನದು ತೆಳ್ಳಗೆ, ಮೂಗಿನಲ್ಲಿ ಹಾಡಿದಂತೆ ಕೇಳಿಸುತ್ತಿತ್ತು.

ಬಲ ಪೆಡಲ್ ಒತ್ತಿ, ತಂತಿಯ ದನಿ ಅಡಗಿಸುವ ಡ್ಯಾಂಪರ್ ಎತ್ತಿಸಿ, ಸಣ್ಣ ಕೊಕ್ಕೆಯಿಂದ ಹ್ಯಾಮರ್‌ನ ಕಡ್ಡಿ ಮೇಲೆಳೆದು ಫೆಲ್ಟ್ ತಂತಿಗೆ ತಾಗುವಂತೆ ಹಿಡಿದೆ. ಒತ್ತಬಾರದು, ತಾಗಿದರೆ ಸಾಕು. ಇನ್ನೊಂದು ಕೈಯ ಉಗುರಿನಿಂದ ಮೂರೂ ತಂತಿಗಳನ್ನು ಒಂದೊಂದಾಗಿ ಮೀಟಿದೆ. ಎಡದ್ದು: ‘ಟಪ್’, ಸತ್ತ ದನಿ. ಬಲದ್ದು: ‘ಟಪ್’. ನಡುವಿನದು: ‘ಟಿಂಗ್’. ನಡುವಿನ ತಂತಿ ಫೆಲ್ಟಿಗೆ ತಾಗಿಯೇ ಇರಲಿಲ್ಲ. ಗ್ರ್ಯಾಂಡ್‌ನಲ್ಲಿ ಹ್ಯಾಮರ್ ಕೆಳಗಿನಿಂದ ಬಡಿಯುತ್ತದೆ. ಬದಿಯ ಎರಡು ತಂತಿ ಕೂದಲೆಳೆಯಷ್ಟು ಕೆಳಗೆ, ನಡುವಿನದು ಮೇಲೆ. ಹ್ಯಾಮರ್ ಮೊದಲು ಬದಿಯವಕ್ಕೆ ಬಡಿದು, ಅವು ಕಂಪಿಸಲು ಶುರುವಾದ ಮೇಲೆ ನಡುವಿನದಕ್ಕೆ ಸವರಿ ಹೋಗುತ್ತಿತ್ತು. ಮೂರು ಜನ ಒಟ್ಟಿಗೆ ಹಾಡಬೇಕಾದಲ್ಲಿ ಒಬ್ಬ ತಡವಾಗಿ ಎದ್ದು ಬಂದ ಹಾಗೆ.

ಇಲ್ಲಿ ಎರಡು ಸಾಧ್ಯತೆ. ತಂತಿಗಳ ಮಟ್ಟ ಸರಿಯಿಲ್ಲ, ಇಲ್ಲವೇ ಹ್ಯಾಮರ್‌ನ ಮುಖ ಸರಿಯಿಲ್ಲ. ಯಾವುದು ಅಂತ ತಿಳಿಯಲು ಸಣ್ಣ ಮಟ್ಟಗೋಲನ್ನು ಮೂರೂ ತಂತಿಗಳ ಮೇಲೆ ಅಡ್ಡ ಇಟ್ಟು ನೋಡಬೇಕು. ನಡುವಿನ ತಂತಿ ಗೋಲನ್ನು ಎತ್ತಿ ಹಿಡಿದಿತ್ತು, ಗೋಲು ಅತ್ತಿತ್ತ ಅಲ್ಲಾಡಿತು. ತಂತಿಯದೇ ದೋಷ. ಕೊಕ್ಕೆಯಿಂದ ಬದಿಯ ತಂತಿಗಳನ್ನು, ಅವು ತೂತಿನಿಂದ ಹೊರಬರುವ ಜಾಗದ ಹತ್ತಿರ, ಮೇಲಕ್ಕೆ ಮೃದುವಾಗಿ ಎಳೆದೆ. ಮತ್ತೆ ಮೀಟಿದೆ. ಮೂರೂ ‘ಟಪ್’. ಎಳೆದ ತಂತಿಯ ಶ್ರುತಿ ಖಂಡಿತ ಇಳಿಯುತ್ತದೆ, ಮತ್ತೆ ಏರಿಸಬೇಕು.

ಮೊದಲೇ ಹ್ಯಾಮರ್‌ನ ಮುಖ ಉಜ್ಜಿ ಓರೆ ತಂತಿಗೆ ಓರೆ ಫೆಲ್ಟ್ ಹೊಂದಿಸುವವರಿದ್ದಾರೆ. ಕೇಳಲು ಸರಿಯೇ ಇರುತ್ತದೆ, ಎಡ ಪೆಡಲ್ ಒತ್ತುವ ತನಕ. ಆ ಪೆಡಲ್ ಇಡೀ ಆಕ್ಷನ್ನನ್ನು ಬಲಕ್ಕೆ ಸರಿಸುತ್ತದೆ. ಆಗ ಓರೆ ಫೆಲ್ಟ್ ಬೇರೆ ಜಾಗಕ್ಕೆ ಹೋಗಿ ಏರುಪೇರು ಎರಡರಷ್ಟಾಗುತ್ತದೆ. ತಂತಿ ಮೊದಲು, ಫೆಲ್ಟ್ ಆಮೇಲೆ.

ಇನ್ನು ಫೆಲ್ಟು

ಗುರುತುಗಳಲ್ಲಿ ಉಳಿದದ್ದು ಎರಡು: ಒದರುವ ಬಿ, ಮತ್ತೆ ಬಲತುದಿಯ ಹತ್ತಿರದ ಒಂದು ಮಂಕು ಡಿ.

ಡಿ ಯನ್ನು ಬೇಗ ಮುಗಿಸುತ್ತೇನೆ. ಮೇಲಿನ ಸಪ್ತಕದಲ್ಲಿ ತಂತಿ ತೀರಾ ಗಿಡ್ಡ, ಅಲ್ಲಿ ಹ್ಯಾಮರ್ ಬಡಿಯುವ ಜಾಗ ಒಂದು ಮಿ.ಮೀ. ಆಚೀಚೆಯಾದರೂ ದನಿ ಸಾಯುತ್ತದೆ. ಆಕ್ಷನ್ನನ್ನು ಒಂದು ಎಳೆ ಮುಂದೆ, ಒಂದು ಎಳೆ ಹಿಂದೆ ಸರಿಸಿ ಬಾರಿಸಿದೆ, ಏನೂ ಬದಲಾಗಲಿಲ್ಲ, ಹಾಗಾಗಿ ಜಾಗ ಸರಿಯಿದೆ. ಕೂಲರಿನ ತೇವ ಕುಡಿದು ಫೆಲ್ಟಿನ ಮೇಲ್ಪದರ ಉಬ್ಬಿತ್ತು. 400ರ ಮರಳು ಕಾಗದದ ಕಿರು ಪಟ್ಟಿಯಿಂದ ಭುಜದಿಂದ ತುದಿಯ ಕಡೆಗೆ ನಾಲ್ಕು ಸಲ, ಬೂಟು ಪಾಲಿಶ್ ಮಾಡುವ ಹಾಗೆ. ಉಣ್ಣೆಯ ಧೂಳು ಉದುರಿತು, ದನಿ ಎದ್ದಿತು.

ಬಿ ಗೆ ಅದಲುಬದಲಿನ ಪರೀಕ್ಷೆ. ಬಿ ಮತ್ತು ಪಕ್ಕದ ಎ ಶಾರ್ಪ್ ಹ್ಯಾಮರ್‌ಗಳ ಸ್ಕ್ರೂ ಬಿಚ್ಚಿ, ಒಂದರ ಜಾಗದಲ್ಲಿ ಇನ್ನೊಂದು ಹಾಕಿದೆ. ಅಕ್ಕಪಕ್ಕದ ಹ್ಯಾಮರ್‌ಗಳ ಅಳತೆ ಹೆಚ್ಚುಕಡಿಮೆ ಒಂದೇ, ಹೊಸ ಫೆಲ್ಟಿನಲ್ಲಿ ತಂತಿಯ ಗೀರು ಇನ್ನೂ ಆಳವಾಗಿರುವುದಿಲ್ಲ, ಹಾಗಾಗಿ ಪರೀಕ್ಷೆಗೆ ಅಡ್ಡಿಯಿಲ್ಲ. ಬಾರಿಸಿದೆ. ಈಗ ಬಿ ಹಾಡಿತು, ಎ ಶಾರ್ಪ್ ಒದರಿತು. ತಗಡು ಹ್ಯಾಮರ್‌ನ ಜೊತೆ ನಡೆದುಹೋಗಿತ್ತು. ದೋಷ ತಂತಿಯದಾಗಿದ್ದರೆ ಬಿ ಯಲ್ಲೇ ಉಳಿಯುತ್ತಿತ್ತು. ಹ್ಯಾಮರ್‌ಗಳನ್ನು ಸ್ವಸ್ಥಾನಕ್ಕೆ ಕೂಡಿಸಿ ಕೊನೆಗೂ ಚೀಲದಿಂದ ಸೂಜಿ ತೆಗೆದೆ.

ಸೂಜಿಗೆ ಮುಂಚೆ ಹ್ಯಾಮರ್ ಯಾವ ಜಾತಿಯದು ತಿಳಿದಿರಬೇಕು. ಯಮಾಹಾದಂಥ ಜಪಾನಿನ ಪಿಯಾನೋಗಳ ಫೆಲ್ಟ್ ಗಟ್ಟಿಯಾಗಿ ಒತ್ತಿದ್ದು, ಅದನ್ನು ಸೂಜಿಯಿಂದ ಸಡಿಲಿಸಿ ದನಿ ತರುತ್ತಾರೆ. ನ್ಯೂಯಾರ್ಕಿನ ಸ್ಟೈನ್‌ವೇ ದಾರಿ ಇದಕ್ಕೆ ಉಲ್ಟಾ: ಮೆತ್ತಗಿನ ಫೆಲ್ಟಿಗೆ ಲ್ಯಾಕರ್ ಕುಡಿಸಿ ಗಟ್ಟಿ ಮಾಡುತ್ತಾರೆ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಆಗದು. ಇಲ್ಲಿದ್ದದ್ದು ಗಟ್ಟಿ ಜಾತಿ. ಬಿ ಒದರುತ್ತಿದ್ದದ್ದು ಮಧ್ಯಮ ಮತ್ತು ಜೋರಿನ ಸುತ್ತಿನಲ್ಲಿ ಅಂತ ಟೇಪು ಹೇಳುತ್ತಿತ್ತು, ಅಂದರೆ ಬಿಗಿ ಇರುವುದು ಭುಜದಲ್ಲಿ.

ಹ್ಯಾಮರ್‌ನ ಕೆಳಗೆ ಮರದ ತುಂಡು ಕೊಟ್ಟೆ, ಒತ್ತಡ ಕಡ್ಡಿಯ ಮೇಲೆ ಬೀಳಬಾರದು. ನನ್ನ ಹಿಡಿಯಲ್ಲಿ ಮೂರು ಸೂಜಿ, 8 ಮಿ.ಮೀ. ಹೊರಗೆ. ಹ್ಯಾಮರ್‌ನ ತುದಿಯನ್ನು ಗಡಿಯಾರದ 12 ಅಂದುಕೊಂಡರೆ ಚುಚ್ಚಬೇಕಾದ್ದು 10 ಮತ್ತು 2ರ ಹತ್ತಿರ, ಒಳಗಿನ ಮರದ ಕಡೆಗೆ ಮುಖ ಮಾಡಿ. 12ನ್ನು ಮುಟ್ಟಬಾರದು. ಮೊದಲ ಚುಚ್ಚಿಗೆ ಫೆಲ್ಟ್ ಒಣ ತೊಗಲಿನ ಹಾಗೆ ಎದುರಿಸಿತು, ಪಕ್ಕದ ಎ ಶಾರ್ಪಿಗೆ ಹೋಲಿಸಿದರೆ ಕೈಗೇ ವ್ಯತ್ಯಾಸ ಗೊತ್ತಾಗುವಷ್ಟು. ಎರಡೂ ಭುಜಕ್ಕೆ ಮೂರು ಮೂರು ಸಲ. ಆಕ್ಷನ್ ಒಳಗೆ, ಮೂವತ್ತು ನಲವತ್ತು ಗಟ್ಟಿ ಏಟು, ಯಾಕೆಂದರೆ ಸಡಿಲಾದ ಎಳೆಗಳು ಏಟು ತಿಂದ ಮೇಲೆ ಸ್ವಲ್ಪ ವಾಪಸ್ ಬಿಗಿಯಾಗುತ್ತವೆ. ಇನ್ನೂ ಒಂದು ಕೂದಲು ಚುರುಕಿತ್ತು. ಮತ್ತೆ ಹೊರಗೆ, ಎರಡೆರಡು ಸಲ, ಮತ್ತೆ ಒಳಗೆ. ಸಾಕು ಅನ್ನಿಸುವುದಕ್ಕಿಂತ ತುಸು ಮುಂಚೆಯೇ ನಿಲ್ಲಿಸಿದೆ. ಬಾರಿಸಿ ಬಾರಿಸಿ ಚುರುಕಾಗುವ ಸ್ವರವನ್ನು ಮುಂದೆ ಇನ್ನೊಂದು ಸಲ ಚುಚ್ಚಬಹುದು, ಹೆಚ್ಚು ಚುಚ್ಚಿದ್ದನ್ನು ಹಿಂದೆ ತರುವುದು ಕಷ್ಟ.

ಎಷ್ಟು ಕಷ್ಟ ಅನ್ನುವುದು ನನಗೆ ಬೀದರ್‌ನಲ್ಲಿ ಗೊತ್ತಾಗಿದೆ. ಕೆಲಸ ಕಲಿತ ಹೊಸತರಲ್ಲಿ ಒಂದು ಸಭಾಂಗಣದ ಪಿಯಾನೋ. ನಡುವಿನ ಎರಡು ಸಪ್ತಕ ಕಿರುಚುತ್ತಿತ್ತು. ಶ್ರುತಿ ನೋಡಲಿಲ್ಲ, ಖಾಲಿ ಹಾಲ್ ಅನ್ನುವುದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ, ಇಪ್ಪತ್ತು ಹ್ಯಾಮರ್‌ಗಳ ನೆತ್ತಿಗೇ ಸೂಜಿ ಹಾಕಿದೆ. ಕಿರುಚಾಟ ಹೋಯಿತು, ನನಗೆ ಹೆಮ್ಮೆಯೂ ಆಯಿತು. ಜನ ತುಂಬಿದ ಸಂಜೆ ಆ ಎರಡು ಸಪ್ತಕ ಹತ್ತಿ ಮೂಟೆಯೊಳಗಿಂದ ಕೇಳಿಬಂದವು. ಲ್ಯಾಕರ್ ಹಾಕಿ ಎತ್ತಲು ನೋಡಿದೆ. ಒಂದು ಎದ್ದಿತು, ಒಂದು ಮಿತಿಮೀರಿ ಎದ್ದಿತು, ಒಂದು ಏಳಲೇ ಇಲ್ಲ. ಕೊನೆಗೆ ನನ್ನ ಖರ್ಚಿನಲ್ಲಿ ಹೊಸ ಹ್ಯಾಮರ್ ತರಿಸಿ ಹಾಕಿದೆ. ಆ ಇಪ್ಪತ್ತರಲ್ಲಿ ಒಂದು ಈಗಲೂ ನನ್ನ ಉಪಕರಣದ ಚೀಲದಲ್ಲಿದೆ, ಸೂಜಿ ಡಬ್ಬಿಯ ಪಕ್ಕದಲ್ಲೇ.

ಸಂಜೆ ಆರಕ್ಕೆ ಟೇಪು ಕಿತ್ತೆ. ಹುಡುಗಿ ಮಿಡಲ್ ಸಿ ಯಿಂದ ಮೇಲಕ್ಕೆ ಹೋದಳು, ನಿಲ್ಲದೆ ಕೊನೆಯ ಕೀ ತನಕ. ಆಮೇಲೆ ಎಡ ಪೆಡಲ್ ಒತ್ತಿ ಇನ್ನೊಮ್ಮೆ. ಏನೂ ಹೇಳಲಿಲ್ಲ, ಪಾಠ ಬಾರಿಸಲು ಶುರುಮಾಡಿದಳು. ಅಪ್ಪ ಬಂದು ಬಿಲ್ ಕೇಳಿದರು. “ಸೂಜಿಗೆ ಎಷ್ಟ್ರಿ?” ಅಂದರು.

“ಸೂಜಿಗೆ ಏನಿಲ್ರಿ, ಶ್ರುತಿಗೆ ಕೊಡ್ರಿ,” ಅಂದೆ. ಮಳೆ ಹಿಡಿದು ಒಂದು ತಿಂಗಳಾದ ಮೇಲೆ ಮತ್ತೆ ಬರುವುದಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ. ಅಷ್ಟರಲ್ಲಿ ಮರ ತೇವ ಕುಡಿದಿರುತ್ತದೆ, ಬೇಸಿಗೆಯಲ್ಲಿ ಮಾಡಿದ ಶ್ರುತಿ ಮೇಲಕ್ಕೆ ಏರಿರುತ್ತದೆ. ಹೊಸ ಟೇಪು ತರಬೇಕು.